ಪರದೇಶದ ಗೇಟು

ಫೆಬ್ರವರಿ 4

ತಮ್ಮಾ,

ಆಶೀರ್ವಾದ ಕೊನೆಗೆ, ಮೊದಲು ಬೈಗುಳ. ಇಷ್ಟು ದೊಡ್ಡ ಪೆಟ್ಟಿಗೆ ಬರುತ್ತದೆ ಅಂತ ಮೊದಲೇ ಒಂದು ಸಾಲು ಬರೆಯೋಕೆ ನಿನ್ನ ಕೈಗೇನು ಲಕ್ವ ಹೊಡೆದಿತ್ತೇ? ತಂದವರು ಲಾಂಡ್ರಿಯ ಬಾಗಿಲಿಗೆ ಅಡ್ಡ ಇಳಿಸಿ ಹೋದರು. ಅರ್ಧ ದಿನ ಒಂದು ತಳ್ಳುಗಾಡಿ ಒಳಗೆ ಬರಲಿಲ್ಲ, ಒಂದು ಹೊರಗೆ ಹೋಗಲಿಲ್ಲ. ಎದುರು ಮನೆ ನರ್ಸಮ್ಮ ಮೆಟ್ಟಿಲ ಮೇಲೆ ನಿಂತು, "ಏನೇ, ಶವಪೆಟ್ಟಿಗೆ ಈಗಲೇ ತರಿಸಿಟ್ಕೊಂಡ್ಯಾ?" ಅಂದಳು. "ಹೂಂ, ಇಬ್ಬರಿಗಾಗೋ ಅಳತೇದು. ನೀನು ಮೊದಲು ಮಲಗಿ ನೋಡು" ಅಂದೆ.

ಈಗ ಗೇಟಿನ ಸಮಾಚಾರ. ಪೆಟ್ಟಿಗೆಯೊಳಗೆ ನೀನು ಬರೆದಿಟ್ಟಿದ್ದ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ನಮ್ಮ ವೈರಿಂಗ್‌ನವನು ಎರಡೂ ಕಂಬ ನಿಲ್ಲಿಸಿದ. ಎಷ್ಟು ತಿಣುಕಿದರೂ ಹತ್ತಲಿಲ್ಲ. ಚಿತ್ರವನ್ನು ತಲೆಕೆಳಗೆ ಅಂಟಿಸಿದ್ದೀಯಲ್ಲೋ ಅಂತ ಕೊನೆಗೆ ನಾನೇ ಹೇಳಬೇಕಾಯಿತು.

ಆಸ್ಪತ್ರೆಯವರ ಜೊತೆ ನನ್ನ ಜಗಳ ನಿನಗೆ ಗೊತ್ತೇ ಇದೆ. ಕೊಟ್ಟದ್ದು ಇಷ್ಟು ಅಂತ ಅವರು, ಬಂದದ್ದು ಅಷ್ಟಿಲ್ಲ ಅಂತ ನಾನು. ರಕ್ತ ಹತ್ತಿದ ಬಟ್ಟೆಯ ಮೂಟೆ ಬಿಚ್ಚಿ ಎಣಿಸಬಾರದು ಅನ್ನುವುದು ಅವರ ಕಾನೂನು. ಎಣಿಸದೆ ಒಪ್ಪಿಕೊಳ್ಳಬಾರದು ಅನ್ನುವುದು ನನ್ನ ಕಾನೂನು. ಅದಕ್ಕೇ ಈ ವರ್ಷದಿಂದ ಹೊಸ ಷರತ್ತು: ಪ್ರತಿ ಬಟ್ಟೆಯ ಅಂಚಿನಲ್ಲೂ ಅವರು ಕೊಟ್ಟ ಬಿಲ್ಲೆ ಹೊಲಿದಿರಬೇಕು, ಲಾಂಡ್ರಿಯ ಬಾಗಿಲಲ್ಲಿ ಆ ಬಿಲ್ಲೆ ಓದುವ ಗೇಟು ಇರಬೇಕು. ಗೇಟು ಇಟ್ಟವರಿಗೆ ಇಡೀ ಆಸ್ಪತ್ರೆಯ ಬಟ್ಟೆ. ಇಲ್ಲದವರು ಮನೆಗೆ.

ಇವತ್ತು ಮೂಟೆ ಬಿಚ್ಚದೆ ಗಾಡಿಯನ್ನೇ ಕಂಬಗಳ ನಡುವೆ ತಳ್ಳಿದೆವು. ಒಳಗಿದ್ದ ಹಾಸು, ಹೊದಿಕೆ, ಗೌನು ಎಲ್ಲವೂ ಹಾಜರಿ ಕೂಗಿದ ಹಾಗೆ ಪರದೆಯ ಮೇಲೆ ಸಾಲಾಗಿ ಬಂದವು. ಹುಡುಗಿಯರು ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ಯಾರಾದರೂ ಒಬ್ಬರು ಗಾಡಿ ಹಿಡಿದುಕೊಂಡಿರಬೇಕಲ್ಲ.

ಬೆರಳುದ್ದದ ಬಿಲ್ಲೆ, ಅದಕ್ಕೊಂದು ಬ್ಯಾಟರಿ ಕೂಡ ಇಲ್ಲ. ಹೇಗೆ ಮಾತಾಡುತ್ತದೆ? ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಅರ್ಥವಾಗುವ ಹಾಗೆ ಬರಿ.

ಆಶೀರ್ವಾದ.
ಅಕ್ಕ


ಫೆಬ್ರವರಿ 21

ಅಕ್ಕನಿಗೆ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. ನಾನು ಒಬ್ಬನೇ ನಗುವುದನ್ನು ನೋಡಿ ಪಕ್ಕದ ಫಿಟ್ಟರು, ಮದುವೆ ಗೊತ್ತಾಯಿತೇ ಅಂತ ಕೇಳಿದ.

ಬಿಲ್ಲೆಯ ವಿಷಯ ಹೀಗೆ. ಗೇಟು ರೇಡಿಯೋ ಅಲೆಯಲ್ಲಿ ಕೂಗುತ್ತದೆ. ಬಿಲ್ಲೆಗೆ ಸ್ವಂತ ಶಕ್ತಿ ಇಲ್ಲ. ಆ ಕೂಗಿನಲ್ಲೇ ಒಂದು ಚೂರು ಹಿಡಿದುಕೊಂಡು, ಅದರ ಬಲದಲ್ಲೇ ತನ್ನ ನಂಬರು ಹೇಳಿ ಸುಮ್ಮನಾಗುತ್ತದೆ. ನೀನು ಒಂದು ಸಲ ಕೂಗಿದರೆ ಇಸ್ತ್ರಿ ಮೇಜಿನ ಹುಡುಗಿಯರೆಲ್ಲ ಬೆಚ್ಚಿ ಒಟ್ಟಿಗೆ ಉತ್ತರ ಕೊಡುತ್ತಾರಲ್ಲ, ಹಾಗೆ. ಇದಕ್ಕೆ ಆರ್‌ಎಫ್‌ಐಡಿ ಅನ್ನುತ್ತಾರೆ. ಹೆಸರು ಮರೆತರೂ ನಡೆಯುತ್ತದೆ.

ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಹೊಸ ಗೇಟು ಬಂತು, ಹಳೆಯದನ್ನು ಕಿತ್ತು ಮೂಲೆಗಿಟ್ಟರು. ಕೇಳಿ ಇಸಿದುಕೊಂಡೆ. ಪೂರ್ತಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಓಡಿಸಿ ನೋಡಿಯೇ ಕಳಿಸಿದ್ದು. ಹಗಲೂ ರಾತ್ರಿ ಆನ್ ಇರಲಿ. ಪದೇ ಪದೇ ಆರಿಸಿ ಹಚ್ಚಿದರೆ ಹಳೇ ಯಂತ್ರ ಮುನಿಸಿಕೊಳ್ಳುತ್ತದೆ.

ನಾನು ಮನೆ ಬಿಟ್ಟ ದಿನ, ಒಗೆಯುವ ಯಂತ್ರದ ಮುಂದೆ ಎಲ್ಲರೆದುರು ನೀನು ನನಗೆ, "ನೀನು ಕೈ ಹಾಕಿದ್ದೆಲ್ಲ ಹಾಳು" ಅಂದಿದ್ದೆ. ಅದನ್ನು ಎತ್ತಿ ಆಡಲು ಬರೆಯುತ್ತಿಲ್ಲ. ಗೇಟು ಚೆನ್ನಾಗಿದೆ ಅನ್ನುವುದನ್ನು ನಿನ್ನ ಬಾಯಿಂದ ಕೇಳೋಣವೆಂದು ಫೋನ್ ಮಾಡಿದೆ, ಅಷ್ಟೆ. ಎಷ್ಟು ಸಲ ಮಾಡಿದರೂ ಸಿಗಲಿಲ್ಲ. ಕೋಪ ಇನ್ನೂ ಇದೆಯೇ?

ನಿನ್ನ ತಮ್ಮ


ಮಾರ್ಚ್ 15

ತಮ್ಮಾ,

ಕೋಪ ಇದ್ದರೆ ಫೋನ್ ಎತ್ತಿ ಬೈಯುತ್ತಿದ್ದೆ. ಎತ್ತದೆ ಕೂರುವುದು ನನ್ನ ಜಾಯಮಾನವಲ್ಲ. ಫೋನು ಬಡಿದುಕೊಂಡರೆ ತಾನೇ ಎತ್ತುವುದು?

ನಮ್ಮ ಬೀದಿಯ ಫೋನುಗಳಿಗೆಲ್ಲ ಏನೋ ಬಡಿದಿದೆ. ಪರದೆಯ ಮೂಲೆಯಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿರುತ್ತವೆ, ಕರೆ ಮಾತ್ರ ಹೋಗುವುದಿಲ್ಲ, ಬರುವುದಿಲ್ಲ. ಟವರಿಗೆ ವಯಸ್ಸಾಯಿತು ಅನ್ನುತ್ತಾನೆ ಮೂಲೆ ಅಂಗಡಿಯವನು. ಅವನ ಅಂಗಡಿಯ ಬಿಸ್ಕತ್ತಿಗಿಂತ ಟವರು ಹೊಸದು. ನನಗೆ ಅದರಿಂದ ತೊಂದರೆಯೇನಿಲ್ಲ. ಫೋನ್ ಮಾಡುವವರೆಲ್ಲ ಬಟ್ಟೆ ಯಾವಾಗ ಅಂತ ಪೀಡಿಸುವವರೇ.

ಗೇಟು ಸೊಗಸಾಗಿ ಓಡುತ್ತಿದೆ. ಆಸ್ಪತ್ರೆಯ ಸ್ಟೋರಿನ ಮೇಡಂ ಬಂದು, ಗಾಡಿಯನ್ನು ತಾನೇ ತಳ್ಳಿ ನೋಡಿದಳು. ಒಂದು ದಿಂಬಿನ ಕವರನ್ನು ಗೌನಿನ ತೋಳಿನೊಳಗೆ ತುರುಕಿ ಬಚ್ಚಿಟ್ಟಿದ್ದಳಂತೆ, ನನ್ನನ್ನು ಪರೀಕ್ಷೆ ಮಾಡೋಕೆ. ಗೇಟು ಅದನ್ನೂ ಹಿಡಿಯಿತು. "ಬಹಳ ಚೆನ್ನಾಗಿದೆ, ಎಲ್ಲಿ ತರಿಸಿದ್ರಿ?" ಅಂದಳು. "ತರಿಸಿದ್ದಲ್ಲ, ಬಂದದ್ದು" ಅಂದೆ. ಈ ತಿಂಗಳಿನಿಂದ ಎಲ್ಲಾ ವಾರ್ಡುಗಳ ಬಟ್ಟೆಯೂ ನಮ್ಮದೇ. ಹೊಸದಾಗಿ ನಾಲ್ಕು ಜನರನ್ನು ಕೆಲಸಕ್ಕೆ ತೆಗೆದುಕೊಂಡೆ. ಅದರಲ್ಲಿ ಒಬ್ಬಳಿಗೆ ಮಡಿಸುವುದು ಬರುತ್ತದೆ.

ನರ್ಸಮ್ಮ ಮಾತ್ರ ಮುಖ ಗಂಟು ಹಾಕಿಕೊಂಡಿದ್ದಾಳೆ. ಹಿಂದಿನ ಬೀದಿಗಳ ಹೆರಿಗೆಯೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದದ್ದು ನಿನಗೆ ಗೊತ್ತಲ್ಲ. ಕೊರಳಿಗೆ ಫೋನು ನೇತುಹಾಕಿಕೊಂಡು ಇಡೀ ದಿನ ಮೆಟ್ಟಿಲ ಮೇಲೆ ಕೂತಿರುತ್ತಾಳೆ, ಒಂದು ಕರೆ ಇಲ್ಲ. ಮೊನ್ನೆ ಹೇಳಿಯೇಬಿಟ್ಟೆ: "ಜನಕ್ಕೆ ಈಗ ನಿನ್ನ ಕೈ ಬೇಡ ಕಣೇ. ಗಾಜಿನ ಬಾಗಿಲಿನ ಆಸ್ಪತ್ರೆ ಬೇಕು. ಬೋರ್ಡ್ ಇಳಿಸಿ ಬಾ, ನನ್ನ ಜೊತೆ ಹಾಸು ಮಡಿಸು." ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಇದ್ದದ್ದು ಹೇಳಿದರೆ ಎಲ್ಲರಿಗೂ ಉರಿ.

ಆಶೀರ್ವಾದ.
ಅಕ್ಕ


ಏಪ್ರಿಲ್ 12

ತಮ್ಮಾ,

ನೀನು ಉತ್ತರ ಬರೆಯಲಿಲ್ಲ. ಆದರೂ ಬರೆಯುತ್ತಿದ್ದೇನೆ, ಹೇಳಿಕೊಳ್ಳೋಕೆ ಎದುರು ಮನೆಯಲ್ಲಿ ಇದ್ದವಳು ಮಾತು ಬಿಟ್ಟಿದ್ದಾಳೆ.

ಮೊನ್ನೆ ಮಧ್ಯಾಹ್ನ ಟೈರ್ ಅಂಗಡಿಯವನ ಹೆಂಡತಿಗೆ ನೋವು ಶುರುವಾಯಿತು. ಅವನು ಅಂಗಡಿಯಿಂದಲೇ ನರ್ಸಮ್ಮನಿಗೆ ಫೋನ್ ಮೇಲೆ ಫೋನ್ ಮಾಡಿದನಂತೆ. ಹೋಗಲಿಲ್ಲ. ಆಸ್ಪತ್ರೆಗೆ ಮಾಡಿದನಂತೆ, ಅದೂ ಹೋಗಲಿಲ್ಲ. ಕೊನೆಗೆ ಓಡಿ ಬಂದು ಕರೆದುಕೊಂಡು ಹೋಗುವಷ್ಟರಲ್ಲಿ ಮಗು ಬಂದಾಗಿತ್ತು. ಪಕ್ಕದ ಮನೆಯ ಟೈಲರಮ್ಮ ಕಣ್ಣು ಮುಚ್ಚಿಕೊಂಡು ಹಿಡಿದಳಂತೆ. ತಾಯಿ ಮಗು ಚೆನ್ನಾಗಿದ್ದಾರೆ. ಟೈಲರಮ್ಮನೇ ಇನ್ನೂ ಸುಧಾರಿಸಿಕೊಂಡಿಲ್ಲ.

ಟೈರಿನವನು ಬೀದಿಯಲ್ಲಿ ನಿಂತು, "ಫೋನ್ ಎತ್ತೋಕೂ ಆಗದಿದ್ರೆ ಈ ಕೆಲಸ ಬಿಟ್ಬಿಡಿ ನರ್ಸಮ್ಮ" ಅಂದ. ಅವಳು ಕೊರಳಿನಿಂದ ಫೋನು ತೆಗೆದು ಅವನ ಕಣ್ಣ ಮುಂದೆ ಹಿಡಿದಳು. ಅದರಲ್ಲಿ ಅವನ ಒಂದು ಕರೆಯೂ ಇರಲಿಲ್ಲ.

ಮಾರನೇ ದಿನ ಬೋರ್ಡ್ ಇಳಿಸಿದಳು. ತಂಗಿಯ ಮನೆಗೆ ಹೋಗಿಬಿಡುತ್ತಾಳಂತೆ, ಮುಂದಿನ ತಿಂಗಳು. ನಾನು ಹೇಳಿದ್ದೇ ಆಯಿತು. ಆದರೆ ಖಾಲಿ ಮೊಳೆ ನೋಡಿದರೆ ಊಟ ಸೇರುತ್ತಿಲ್ಲ. ಬೇಯಿಸಿದವಳ ತಪ್ಪು ಇರಬಹುದು, ಬೇಯಿಸಿದವಳು ನಾನೇ.

ಒಂದು ವಿಚಿತ್ರ ನೋಡು. ನಮ್ಮ ವಾರದ ರಜೆಯ ದಿನ ಮಾತ್ರ ಅವಳ ಫೋನು ಬೆಳಗಿನಿಂದ ಬಡಿದುಕೊಳ್ಳುತ್ತದೆ. ನಾನು ಆ ದಿನ ಲಾಂಡ್ರಿಯ ಮೇನ್ ಸ್ವಿಚ್ ಎಳೆದು, ಆಸ್ಪತ್ರೆಯವರ ಕಾಟ ಬೇಡ ಅಂತ ನನ್ನ ಫೋನೂ ಆರಿಸಿ ಮಲಗಿರುತ್ತೇನೆ, ಅವಳು ಕಿಟಕಿಯಲ್ಲಿ ಹಲೋ ಹಲೋ ಅಂತ ಕೂಗುತ್ತಿರುತ್ತಾಳೆ. ಟವರಿಗೂ ನನ್ನ ರಜೆಗೂ ಏನು ನಂಟೋ.

ಅಕ್ಕ


ಏಪ್ರಿಲ್ 20 — ತುರ್ತು ಅಂಚೆ

ಅಕ್ಕಾ,

ಮುಂದೆ ಓದಬೇಡ. ಹೋಗಿ ಗೇಟಿನ ಸ್ವಿಚ್ ಆರಿಸಿ ಬಾ. ಆಮೇಲೆ ಓದು.

ರಜೆಯ ದಿನ ನೀನು ಮೇನ್ ಎಳೆಯುತ್ತೀಯ. ಆ ದಿನ ಗೇಟು ಕೂಗುವುದಿಲ್ಲ. ಆ ದಿನ ನರ್ಸಮ್ಮನ ಫೋನು ಬಡಿದುಕೊಳ್ಳುತ್ತದೆ. ನಂಟು ಅಷ್ಟೇ.

ಎಡಗಂಬದ ಹಿಂದೆ ಒಂದು ತಗಡಿನ ಚೂರು ಇದೆ, 902–928 ಮೆಗಾಹರ್ಟ್ಸ್ ಅಂತ ಬರೆದಿರುತ್ತದೆ. ಗೇಟು ಕೂಗುವ ಜಾಗ ಅದು. ರೇಡಿಯೋ ಅಲೆಯನ್ನು ಒಂದೊಂದು ದೇಶ ಒಂದೊಂದು ಥರ ಪಾಲು ಮಾಡಿಕೊಂಡಿದೆ. ಇಲ್ಲಿ ಆ ಜಾಗವನ್ನು ಇಂಥ ಯಂತ್ರಗಳಿಗೆ ಬಿಟ್ಟಿದ್ದಾರೆ, ಎಷ್ಟು ಕೂಗಿದರೂ ಯಾರೂ ಕೇಳುವುದಿಲ್ಲ. ಅಲ್ಲಿ ಬಿಲ್ಲೆ ಓದೋಕೆ ಕೊಟ್ಟಿರುವುದು 865ರಿಂದ 868ರವರೆಗಿನ ಸಣ್ಣ ಪಟ್ಟಿ. 902ರ ಆಚೆಯ ಒಂದಷ್ಟು ಜಾಗದಲ್ಲಿ ಅಲ್ಲಿನ ಫೋನುಗಳು ಟವರಿಗೆ ಮಾತು ಕಳಿಸುತ್ತವೆ. ಟವರಿನ ಮಾತು ಫೋನಿಗೆ ಬರುವುದು ಬೇರೆ ಜಾಗದಲ್ಲಿ, ಅದಕ್ಕೇ ಗೆರೆಗಳು ತುಂಬಿರುತ್ತವೆ. ಫೋನಿನ ಸಣ್ಣ ದನಿ ಮಾತ್ರ ಟವರಿಗೆ ಮುಟ್ಟುವುದಿಲ್ಲ, ಇಲ್ಲಿದ್ದೇನೆ ಅನ್ನುವ ಆ ದನಿ ಮುಟ್ಟದೆ ಬರುವ ಕರೆಯೂ ಕೂಡುವುದಿಲ್ಲ. ನಾನು ಕಳಿಸಿದ ಗೇಟು ನಿಮ್ಮ ಬೀದಿಯ ನಡುವೆ ನಿಂತು ಹಗಲೂ ರಾತ್ರಿ ಕಿರುಚುತ್ತಿದೆ. ಆರಿಸಬೇಡ ಅಂದವನೂ ನಾನೇ.

ಇಲ್ಲಿ ರೇಡಿಯೋ ಕೆಲಸದವನೊಬ್ಬನಿದ್ದಾನೆ. ಅವನಿಗೆ ನಿನ್ನ ಕಾಗದ ಓದಿ ಹೇಳಿದೆ. "ದೇಶ ದಾಟಿಸಿದೆಯಾ ಅದನ್ನ? ಕತ್ತೆ!" ಅಂದ. ಓಡಿಸಿ ನೋಡಿದ್ದೆ ಅಕ್ಕಾ, ಒಂದು ಸ್ಕ್ರೂ ಬಿಡದೆ ನೋಡಿದ್ದೆ. ಎಲ್ಲಿ ನಿಂತು ನೋಡಿದೆ ಅನ್ನುವುದೊಂದನ್ನು ಬಿಟ್ಟು.

ನೀನು ಅಂದದ್ದೇ ಸರಿಯಾಯಿತು.

ತಮ್ಮ


ಏಪ್ರಿಲ್ 27

ತಮ್ಮಾ,

ಆರಿಸಿದೆ. ನಂಬಿ ಆರಿಸಿದ್ದಲ್ಲ, ಮೊದಲು ಆರಿಸಿ ಆಮೇಲೆ ನಂಬಿದ್ದು. ವೈರಿಂಗ್‌ನವನನ್ನು ನರ್ಸಮ್ಮನ ಮೆಟ್ಟಿಲ ಹತ್ತಿರ ಫೋನು ಕೊಟ್ಟು ನಿಲ್ಲಿಸಿ, ನಾನು ಸ್ವಿಚ್ಚಿನ ಹತ್ತಿರ ನಿಂತೆ. ಆರಿಸಿದರೆ "ಕರೆ ಹೋಯ್ತು ಅಮ್ಮಾ!" ಅನ್ನುತ್ತಾನೆ. ಹಚ್ಚಿದರೆ ಪೆಚ್ಚುಮೋರೆ. ಮತ್ತೆ ಆರಿಸಿದೆ, ಮತ್ತೆ "ಹೋಯ್ತು!" ಅಷ್ಟರಲ್ಲಿ ನರ್ಸಮ್ಮ ಕಿಟಕಿ ತೆಗೆದು, "ನನ್ನ ಮನೆ ಮುಂದೆ ಏನೋ ನಿನ್ನ ಕೂಗಾಟ?" ಅಂದಳು.

ಹೇಳಲೇಬೇಕಾಯಿತು. ಬಾಗಿಲಲ್ಲಿ ನಿಂತೇ ಹೇಳಿದೆ. ಒಳಗೆ ಅರ್ಧ ಕಟ್ಟಿದ ಗಂಟುಗಳಿದ್ದವು. "ನಿನ್ನ ಫೋನು ಕೆಡಿಸಿದ್ದು ಟವರಲ್ಲ, ನನ್ನ ಗೇಟು. ಜನ ಕರೀತಾನೇ ಇದ್ರು. ನಿನಗೆ ಕೇಳಿಸದ ಹಾಗೆ ಮಾಡಿದ್ದು ನಾನು" ಅಂದೆ.

ಬೈಯುತ್ತಾಳೆ ಅಂತ ಕಾದೆ. ಅವಳು ಎರಡೂ ಕೈ ಮುಂದೆ ಚಾಚಿದಳು. "ದಿನಾ ಬೆಳಗ್ಗೆ ಹೀಗೆ ಹಿಡಿದು ನೋಡ್ಕೋತಿದ್ದೆ ಕಣೇ. ನಡುಗ್ತಿದೆಯೇನೋ, ನನಗೆ ಕಾಣ್ದೆ ಜನಕ್ಕೆ ಕಾಣಿಸ್ತಿದೆಯೇನೋ ಅಂತ. ನೀನು ಬೇರೆ ಹೇಳಿದ್ದೆಯಲ್ಲ."

ನಡುಗುತ್ತಿಲ್ಲ ಅಂತ ಹೇಳಿದೆ. ನಿಜವಾಗಿಯೂ ನಡುಗುತ್ತಿರಲಿಲ್ಲ.

"ನನಗೆ ಹೇಳಿದ್ರೆ ಏನು ಬಂತು? ಹೇಳಬೇಕಾದವರಿಗೆ ಹೇಳು. ಚಪ್ಪಲಿ ಹಾಕ್ಕೋ" ಅಂದಳು. ಎಳೆದುಕೊಂಡು ಹೋದಳು, ಮನೆ ಮನೆಗೆ. ಅವಳಿಗೆ ಫೋನ್ ಮಾಡಿ ಸಿಗದೆ ಬೇರೆಯವರನ್ನು ಹುಡುಕಿಕೊಂಡ ಮನೆಗಳಿಗೆಲ್ಲ. ಪ್ರತಿ ಬಾಗಿಲಲ್ಲೂ ಬೆಲ್ಲು ಅವಳು ಒತ್ತುತ್ತಾಳೆ, ಬಾಯಿ ನಾನು ಬಿಡಬೇಕು. ನನಗೆ ತಪ್ಪಾಯಿತು ಅನ್ನುವುದು ಅಭ್ಯಾಸವಿಲ್ಲ, ನಿನಗೆ ಗೊತ್ತಲ್ಲ. ಮೊದಲನೇ ಮನೆಯಲ್ಲಿ ಮಳೆ ಬೆಳೆ ಮಾತಾಡಿ ಹೊತ್ತು ಕಳೆದೆ. ಮೂರನೇ ಮನೆಯ ಹೊತ್ತಿಗೆ ನಾಲಿಗೆ ಪಳಗಿತು. ಟೈರ್ ಅಂಗಡಿಯವನ ಮನೆಯಲ್ಲಿ ತಪ್ಪಾಯಿತು ಅಂದಾದ ಮೇಲೆ ತಡೆಯಲಾಗಲಿಲ್ಲ: "ಫೋನ್ ಹೋಗದಿದ್ರೆ ಕಾಲಿರಲಿಲ್ವೇನಯ್ಯಾ? ಎರಡು ಬೀದಿ ನಡೆಯೋಕೆ ನಿನಗೆ ಅಷ್ಟು ಹೊತ್ತು ಬೇಕಾಯ್ತಾ? ಬೀದೀಲಿ ನಿಂತು ಅವಳಿಗೆ ಅಂದಿದ್ದನ್ನ ಅದೇ ಬೀದೀಲಿ ನಿಂತು ವಾಪಸ್ ತಗೋ." ನರ್ಸಮ್ಮ ನನ್ನ ಸೆರಗು ಜಗ್ಗಿ, "ಕ್ಷಮೆ ಕೇಳೋಕೆ ಬಂದಿದ್ದೀಯೋ, ಜಗಳಕ್ಕೋ?" ಅಂದಳು. ಅವನು ವಾಪಸ್ ತೆಗೆದುಕೊಂಡ. ಒಳಗಿನಿಂದ ಅವನ ಹೆಂಡತಿ ಮಗುವನ್ನು ತಂದು ನರ್ಸಮ್ಮನ ಕೈಗೆ ಹಾಕಿ, ಹೊಕ್ಕಳು ನೋಡಿ ಅಮ್ಮಾ ಅಂದಳು. ನರ್ಸಮ್ಮ ತಂಗಿಯ ಮನೆಗೆಂದು ಕಟ್ಟಿದ್ದ ಗಂಟು ಬಿಚ್ಚಿದ್ದು ಆಮೇಲೆ. ನನಗೆ ಕಾಣಲಿ ಅಂತ ಕಿಟಕಿ ತೆರೆದಿಟ್ಟೇ ಬಿಚ್ಚಿದಳು.

ಈಗ ನನ್ನ ತಲೆನೋವು. ನಾಳೆ ಆಸ್ಪತ್ರೆಗೆ ಹೋಗಿ, ಗೇಟು ಆರಿಸಿದ್ದೇನೆ, ಮತ್ತೆ ಹಚ್ಚುವುದಿಲ್ಲ ಅಂತ ಹೇಳಬೇಕು. ಕೆಲಸ ಹೋದರೆ ಹೊಸಬರು ನಾಲ್ವರನ್ನು ಕಳಿಸಬೇಕು, ಆಮೇಲೆ ಹಳಬರನ್ನೂ. ಇನ್ನೊಂದು ಕೇಳುತ್ತೇನೆ: ಬಿಲ್ಲೆಗಳ ಗತಿ ಏನು? ಅವೂ ಪರದೇಶದವೇ? ಒಂದೊಂದು ಹಾಸಿನ ಅಂಚೂ ಬಿಚ್ಚಬೇಕೇ? ಬೇಗ ಬರಿ.

ಅಕ್ಕ


ಮೇ 8

ಅಕ್ಕನಿಗೆ,

ಬಿಲ್ಲೆಗಳನ್ನು ಮುಟ್ಟಬೇಡ. ಆಸ್ಪತ್ರೆ ಕೊಟ್ಟಿರುವುದು ಅಗಲ ಕಿವಿಯ ಜಾತಿ. ಅಲ್ಲಿನ ಪಟ್ಟಿಯಲ್ಲಿ ಕೂಗಿದರೂ ಉತ್ತರ ಕೊಡುತ್ತವೆ, ಇಲ್ಲಿನದರಲ್ಲಿ ಕೂಗಿದರೂ ಕೊಡುತ್ತವೆ. ದೇಶದಿಂದ ದೇಶಕ್ಕೆ ಹೋಗುವ ಸಾಮಾನಿಗೂ ಅಂಥದ್ದನ್ನೇ ಅಂಟಿಸುವುದು. ಕೂಗುವ ಯಂತ್ರ ಮಾತ್ರ ಆಯಾ ದೇಶದ ಕಾನೂನಿನಂತೆ ಕೂಗಬೇಕು. ನಾನು ಕಳಿಸಿದ ಗೇಟನ್ನು ತಿದ್ದಲು ಬರುವುದಿಲ್ಲ, ಅದರ ಒಳಗಿನ ಭಾಗಗಳೆಲ್ಲ ಆ ಒಂದು ಪಟ್ಟಿಗೇ ಮಾಡಿದವು. 865ರ ಪಟ್ಟಿಯ ಗೇಟು ಅಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ತಗಡಿನ ಮೇಲಿನ ನಂಬರು ನೋಡಿ, ಅಲ್ಲಿನ ಸರ್ಕಾರ ಒಪ್ಪಿದ ಗುರುತು ನೋಡಿ ತೆಗೆದುಕೋ.

ಇದನ್ನು ಗುಜರಿಗೆ ಹಾಕು. ಟವರಿನವರು ಹುಡುಕಿಕೊಂಡು ಬಂದರೆ ನನ್ನ ಹೆಸರು ಹೇಳು.

ಇನ್ನು ಮೇಲೆ ನಾನು ಏನನ್ನೂ ಕಳಿಸುವುದಿಲ್ಲ. ಸ್ವಲ್ಪ ಕಾಲ ಕಾಗದವನ್ನೂ ಬರೆಯದೆ ಇರುತ್ತೇನೆ. ನಿನಗೆ ಕೆಲಸ ಉಳಿಯಿತೇ ಅನ್ನುವುದನ್ನು ಒಂದು ಸಾಲು ಬರೆದರೆ ಸಾಕು.

ತಮ್ಮ


ಜೂನ್ 2

ತಮ್ಮಾ,

ಒಂದು ಸಾಲು ಸಾಕಂತೆ. ನಾನೇನು ಇವನು ಹೇಳಿದಷ್ಟು ಬರೆಯುವವಳೇ?

ಟವರಿನವರು ಬಂದರು, ಜೊತೆಗೆ ಸರ್ಕಾರದ ರೇಡಿಯೋ ಇಲಾಖೆಯವರೂ. ತಲೆಯ ಮೇಲೆ ಕೊಕ್ಕೆ ಕೊಕ್ಕೆ ಆಂಟೆನಾ ಹೊತ್ತ ವ್ಯಾನು ಬೀದಿಯಲ್ಲಿ ಮೇಲೆ ಕೆಳಗೆ ಓಡಾಡಿತು. ಗೇಟು ಆರಿಸಿ ತಿಂಗಳಾಗಿತ್ತಲ್ಲ, ಅವರಿಗೆ ಏನು ಸಿಗಬೇಕು? ವಾಪಸ್ ಹೋಗುವವರಿದ್ದರು. ನಾನೇ ಅಡ್ಡ ನಿಂತೆ. "ಹುಡುಕ್ತಿರೋದು ಇದನ್ನೇನಪ್ಪಾ? ಒಳಗೆ ಬನ್ನಿ" ಅಂತ ಕರೆದು ಕಂಬಗಳನ್ನು ತೋರಿಸಿದೆ. ಯಾರು ಕೊಟ್ಟದ್ದು ಅಂತ ಕೇಳಿದರು. "ಯಾರು ಕೊಟ್ಟರೇನು, ಹಚ್ಚಿದವಳು ನಾನು" ಅಂದೆ. ನಿನ್ನ ಹೆಸರು ಹೇಳಬೇಕಂತೆ, ದೊಡ್ಡ ತ್ಯಾಗಮೂರ್ತಿ. ಸೀಲು ಹಾಕಿ ತೆಗೆದುಕೊಂಡು ಹೋದರು. ನಾನಾಗೇ ಒಪ್ಪಿಕೊಂಡೆ ಅಂತ ಬರೀ ಎಚ್ಚರಿಕೆ ಕೊಟ್ಟು ಬಿಟ್ಟರು. ಇವಳಿಗೂ ಎಚ್ಚರಿಕೆ ಕೊಡೋರು ಇದ್ದಾರೆಯೇ ಅಂತ ನರ್ಸಮ್ಮ ನಕ್ಕಳು.

ಆಸ್ಪತ್ರೆಯ ಮೇಡಂ ಸುಲಭಕ್ಕೆ ಬಗ್ಗಲಿಲ್ಲ. "ಷರತ್ತು ಅಂದ್ರೆ ಷರತ್ತು. ಗೇಟು ಇಲ್ಲ ಅಂದ್ರೆ ಕೆಲಸ ಇಲ್ಲ" ಅಂದಳು. "ಆಯ್ತು. ಆದ್ರೆ ಒಂದು ನೋಡಿ. ಗೇಟು ಓಡ್ತಿದ್ದಷ್ಟು ದಿನ ನಮ್ಮ ಬೀದಿಯಿಂದ ನಿಮ್ಮ ಆಂಬುಲೆನ್ಸಿಗೆ ಒಂದಾದ್ರೂ ಕರೆ ಬಂದಿದೆಯಾ, ವಿಚಾರಿಸಿ" ಅಂದೆ. ಯಾರನ್ನೋ ಕೇಳಿ ಬಂದಳು. ಬಂದಿರಲಿಲ್ಲ. ಷರತ್ತಿನ ಕಾಗದ ಎಳೆದುಕೊಂಡು ಕೂತಳು. "ನಿಮ್ಮ ಷರತ್ತಿನಲ್ಲಿ ಗೇಟು ಅಂತ ಮಾತ್ರ ಬರೆದಿದ್ದೀರಿ, ಯಾವ ಪಟ್ಟಿಯ ಗೇಟು ಅಂತ ಬರೆದಿಲ್ಲ. ನಾಳೆ ಇನ್ನೊಬ್ಬಳು ಇಂಥದ್ದನ್ನೇ ತಂದು ನಿಲ್ಲಿಸ್ತಾಳೆ. ಬರೆಸಿ" ಅಂದೆ. ಬರೆಸಿದಳು. ನನಗೆ ಆಗಸ್ಟ್ ಕೊನೆಯವರೆಗೆ ಗಡುವು ಕೊಟ್ಟಳು. ಅಲ್ಲಿಯವರೆಗೆ ಆಸ್ಪತ್ರೆಯಲ್ಲೇ ಮೂಟೆ ಕಟ್ಟುವ ಮುಂಚೆ ಅವರ ಕಡೆಯವಳು ಒಬ್ಬಳು, ನನ್ನ ಕಡೆಯವಳು ಒಬ್ಬಳು ಕೈಗವಸು ಹಾಕಿಕೊಂಡು ಎಣಿಸುತ್ತಾರೆ. ಇಬ್ಬರೂ ಎಷ್ಟು ಜಗಳವಾಡುತ್ತಾರೆಂದರೆ ಲೆಕ್ಕ ತಪ್ಪುವುದೇ ಇಲ್ಲ. ಹೊಸಬರು ನಾಲ್ವರೂ ಇದ್ದಾರೆ.

ನರ್ಸಮ್ಮನ ಬೋರ್ಡು ಮೊಳೆಗೆ ವಾಪಸ್ ಬಂತು. ನನ್ನನ್ನು ಕ್ಷಮಿಸಿದ್ದಾಳೆ ಅಂದುಕೊಳ್ಳಬೇಡ. ಕರೆ ಬಂದಾಗಲೆಲ್ಲ ಬೇಕಂತಲೇ ಬೀದಿಗೆ ಬಂದು, ನನ್ನ ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಮಾತಾಡುತ್ತಾಳೆ.

ಹೊಸ ಗೇಟು ಕೊಂಡೆ. ತಗಡಿನ ಮೇಲೆ 865–868, ಕನ್ನಡಕ ಹಾಕಿಕೊಂಡು ನಾನೇ ಓದಿದೆ, ಅಂಗಡಿಯವನ ಕೈಲೂ ಓದಿಸಿದೆ. ಅವನು ಪೆಟ್ಟಿಗೆ ಇಳಿಸಿ, "ಜೋಡಿಸೋಕೆ ನಾಳೆ ನಮ್ಮ ಜನ ಕಳಿಸ್ಲಾ ಅಮ್ಮಾ?" ಅಂದ. ಹುಡುಗಿಯರೆಲ್ಲ ಇಸ್ತ್ರಿ ನಿಲ್ಲಿಸಿ ನೋಡುತ್ತಿದ್ದರು. "ಬೇಡ. ಈ ಕೆಲಸ ತಿಳಿದವನು ನಮ್ಮನೇಲೇ ಒಬ್ಬ ಇದಾನೆ. ಅವನೇ ಬಂದು ಜೋಡಿಸ್ತಾನೆ" ಅಂದೆ. ಎಲ್ಲರಿಗೂ ಕೇಳಿಸುವ ಹಾಗೆಯೇ ಅಂದೆ.

ಪೆಟ್ಟಿಗೆಯನ್ನು ಬಿಚ್ಚಿಲ್ಲ, ಬಿಚ್ಚಿಸುವುದೂ ಇಲ್ಲ. ಮೇಡಂ ಕೊಟ್ಟ ಗಡುವು ಆಗಲೇ ಬರೆದಿದ್ದೇನೆ. ಟಿಕೆಟ್ಟು ಯಾವ ದಿನದ್ದು ಅನ್ನುವುದನ್ನು ಬರಿ. ಅದೊಂದನ್ನು ಬಿಟ್ಟು ಬೇರೆ ಏನು ಬರೆದರೂ ನಾನು ಓದುವುದಿಲ್ಲ.

ಅಕ್ಕ